ಮನೆಗೆ ಕಳಿಸಿದ ಮೇಲೆ

ಕಿಡ್ನಿ ಕೈಕೊಟ್ಟರೆ ವಾರಕ್ಕೆರಡು ಮೂರು ಸಲ ಡಯಾಲಿಸಿಸ್ ಮಾಡಿಸಿಕೊಂಡು ವರ್ಷಗಟ್ಟಲೆ ಬದುಕುವವರಿದ್ದಾರೆ. ಯಕೃತ್ತಿಗೆ ಅಂಥ ಆಸರೆಯ ಯಂತ್ರ ಇಲ್ಲ. ಕಸಿ ಆಗುವವರೆಗೆ, ಕಸಿಯ ಮಾತೇ ಇಲ್ಲದವರಿಗೆ ಕೊನೆಯವರೆಗೆ, ರೋಗಿಯನ್ನು ಹಿಡಿದು ನಿಲ್ಲಿಸುವುದು ಬಹುಪಾಲು ಸಣ್ಣ ಸಣ್ಣ ಸಂಗತಿಗಳು. ದಿನಕ್ಕೆ ಎಷ್ಟು ಸಲ ಮಲ ಹೋಯಿತು, ತೂಕ ಎಷ್ಟಾಯಿತು, ರಾತ್ರಿ ನಿದ್ದೆ ಬಂತೇ, ತಟ್ಟೆಯಲ್ಲಿ ಹಾಕಿದ್ದು ಹೊಟ್ಟೆ ಸೇರಿತೇ. ಇವನ್ನು ಯಾರೋ ಒಬ್ಬರು ಬಿಡದೆ ನೋಡುತ್ತಿರಬೇಕು. ಆ ಒಬ್ಬರು ಯಾರು ಎಂಬುದರ ಮೇಲೆ ಇಬ್ಬರು ಸಿಸ್ಟರ್‌ಗಳು ಒಂದು ಸಂಜೆ ಆಡಿದ ಮಾತು ಇದು. ಹಿರಿಯರು ಸರ್ಕಾರಿ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಇನ್‌ಚಾರ್ಜ್ ಆಗಿದ್ದು ನಿವೃತ್ತರಾದವರು. ಕಿರಿಯಳು ಅವರ ಕೈಕೆಳಗೆ ಕಲಿತು, ಈಗ ಗ್ಯಾಸ್ಟ್ರೋ ವಾರ್ಡಿನಲ್ಲಿ ಡ್ಯೂಟಿ ಮಾಡುತ್ತಿರುವವಳು.

ಕಿರಿಯಳು: ಮೇಡಂ, ಹೋದ ವಾರ ಡಿಸ್ಚಾರ್ಜ್ ಆದವರು ನಿನ್ನೆ ರಾತ್ರಿ ಸ್ಟ್ರೆಚರ್ ಮೇಲೆ ವಾಪಸ್ ಬಂದರು. ಹೋಗುವಾಗ ನಡ್ಕೊಂಡು ಹೋಗಿದ್ದರು. ಬಂದಾಗ ಹೆಂಡತಿಯ ಗುರುತೇ ಸಿಗ್ತಾ ಇರಲಿಲ್ಲ.

ಹಿರಿಯರು: ಸಿರೋಸಿಸ್ಸಾ? ಲ್ಯಾಕ್ಟುಲೋಸ್ ಸಿರಪ್ ನಿಲ್ಲಿಸಿರಬೇಕು ನೋಡು.

ಕಿರಿಯಳು: ಅದೇ ಆಗಿರೋದು. "ಭೇದಿ ಶುರುವಾಯ್ತು ಸಿಸ್ಟರ್, ಮೊದಲೇ ನಿತ್ರಾಣ, ಅದಕ್ಕೆ ನಾವೇ ಬಿಟ್ವಿ" ಅಂದರು ಆಕೆ. ತಪ್ಪು ಅಂತ ಹೇಗೆ ಹೇಳಲಿ? ಚೀಟಿಯಲ್ಲಿ ದಿನಕ್ಕೆ ಮೂರು ಸಲ ಅಂತ ಇದೆ, ಯಾಕೆ ಅಂತ ಇಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಮಲಬದ್ಧತೆಗೆ ಕೊಡೋ ಔಷಧಿ ಅಂದಿದ್ದಾರೆ. ಮಲ ಸಲೀಸಾಗಿ ಹೋಗ್ತಿರುವಾಗ ಅದನ್ನ ಯಾರು ಮುಂದುವರಿಸ್ತಾರೆ?

ಹಿರಿಯರು: ಡಿಸ್ಚಾರ್ಜ್ ಹೊತ್ತಿಗೆ ಹೇಳಿರಲಿಲ್ಲವಾ?

ಕಿರಿಯಳು: ಹೇಳಿರ್ತಾರೆ. ಆ ಹೊತ್ತಲ್ಲಿ ಒಂದು ಕಡೆ ಬಿಲ್ಲು, ಒಂದು ಕಡೆ ಕಾರ್ಡಿಗೆ ಸೀಲು, ಕೆಳಗೆ ಆಟೋ ಕಾಯ್ತಿರುತ್ತೆ. ಎರಡು ನಿಮಿಷ ಹೇಳಿದ್ದನ್ನ ಹೇಳಿದ್ದು ಅನ್ನೋಕಾಗಲ್ಲ. ನನ್ನ ಮಾತು ಇಷ್ಟೇ. ಅಡ್ಮಿಟ್ ಆದ ಮಾರನೇ ದಿನದಿಂದಲೇ ಮನೆಯವರನ್ನ ಜೊತೆಗೆ ಕೂರಿಸಿಕೊಂಡು ಕಲಿಸಬೇಕು. ಕರುಳಿನಲ್ಲಿ ಅಮೋನಿಯಾ ಹುಟ್ಟುತ್ತೆ, ಲಿವರ್ ಚೆನ್ನಾಗಿದ್ದರೆ ಅದನ್ನ ನಿಭಾಯಿಸುತ್ತೆ, ಕೆಟ್ಟಿದ್ದರೆ ಅದು ಮಿದುಳಿಗೆ ಹೋಗುತ್ತೆ, ಈ ಸಿರಪ್ ಅದನ್ನ ಕರುಳಿನಲ್ಲೇ ಹಿಡಿದು ಹೊರಗೆ ಹಾಕುತ್ತೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋಗಬೇಕು. ಒಂದೂ ಸಲ ಹೋಗದಿದ್ದರೆ ಮಂಪರು ಬರುತ್ತೆ. ಐದಾರು ಸಲ ನೀರಾಗಿ ಹೋದರೆ ಮೈಯ ನೀರಿನಂಶ ಬತ್ತಿ, ಅದರಿಂದಲೂ ಮಂಪರೇ ಬರುತ್ತೆ. ಹೆಚ್ಚಾದರೆ ಕೇಳಿ ಕಡಿಮೆ ಮಾಡಬೇಕು, ನಿಲ್ಲಿಸಬಾರದು. ಏಳನೇ ಕ್ಲಾಸ್ ಓದಿದವರಿಗೂ ಅರ್ಥ ಆಗುವ ಮಾತು ಇದು.

ಹಿರಿಯರು: ಅರ್ಥ ಆಗುತ್ತೆ, ಅದರಲ್ಲಿ ನನಗೆ ಅನುಮಾನ ಇಲ್ಲ. ನನ್ನ ತಕರಾರು ಬೇರೆ. "ಮನೆಯವರಿಗೆ ಕಲಿಸೋದು" ಅಂತೀಯಲ್ಲ, ಆ ಮನೆಯವರು ಅಂದರೆ ಯಾರು? ಹೆಂಡತಿ, ಇಲ್ಲಾ ತಾಯಿ, ಇಲ್ಲಾ ಸೊಸೆ. ವಾರ್ಡಿನಲ್ಲಿ ಮಂಚದ ಕೆಳಗೆ ಚಾಪೆ ಹಾಸಿ ಮಲಗೋಳು ಅವಳೇ. ಬೆಡ್‌ಪ್ಯಾನ್ ಇಡೋಳು, ಬಟ್ಟೆ ಬದಲಿಸೋಳು, ರಿಪೋರ್ಟ್ ತರೋಕೆ ಲ್ಯಾಬಿಗೆ ಓಡೋಳು ಅವಳೇ. ಈಗ ಅವಳಿಗೆ ನೀನು ಇನ್ನೊಂದು ಚಾರ್ಟ್ ಕೈಗೆ ಕೊಡ್ತೀಯ. ನಾಳೆ ಗಂಡ ಮಂಪರಿಗೆ ಹೋದರೆ "ನೀನು ಲೆಕ್ಕ ಇಡಲಿಲ್ಲ" ಅಂತ ಅವಳನ್ನೇ ಅಂತಾರೆ. ಕಲಿಸೋ ಹೆಸರಿನಲ್ಲಿ ನಮ್ಮ ಹೊಣೆ ಅವಳ ತಲೆ ಮೇಲೆ ಬೀಳಬಾರದು.

ಕಿರಿಯಳು: ಬೀಳಬಾರದು, ಸರಿ. ಆದರೆ ಆಸ್ಪತ್ರೆಯಲ್ಲಿ ಅವರು ಇರೋದು ಒಂದು ವಾರ, ಬಹಳ ಅಂದರೆ ಎರಡು. ಆಮೇಲೆ ತಿಂಗಳುಗಟ್ಟಲೆ ಮನೆಯಲ್ಲೇ. ಅಲ್ಲಿಗೆ ನಾವು ಹೋಗ್ತೀವಾ?

ಹಿರಿಯರು: ಹೋಗಬೇಕಾದ ವ್ಯವಸ್ಥೆ ಇಲ್ಲ ಅನ್ನೋದು ಅವಳ ತಪ್ಪಾ?

ಈ ಪ್ರಶ್ನೆಗೆ ಕಿರಿಯಳು ಉತ್ತರ ಕೊಡಲಿಲ್ಲ. ಮಾತು ಮಂಪರಿನ ಕಡೆಗೇ ತಿರುಗಿತು. ನನಗೆ ಅತಿ ಮುಖ್ಯ ಎನಿಸಿದ ಭಾಗ ಇದು. ಸಿರೋಸಿಸ್ ರೋಗಿಯ ಬುದ್ಧಿ ಮಂಕಾಗುವುದು ಒಮ್ಮೆಗೇ ಅಲ್ಲ. ರಕ್ತಪರೀಕ್ಷೆಗೂ ಮೊದಲೇ ಅದು ನಡೆನುಡಿಯಲ್ಲಿ ಕಾಣುತ್ತದೆ. ಅದನ್ನು ಕಾಣುವ ಕಣ್ಣು ಬೇಕು.

ಹಿರಿಯರು: ಮೊದಲು ಕೆಡೋದು ನಿದ್ದೆ. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ನೈಟ್ ಡ್ಯೂಟಿ ಸಿಸ್ಟರ್ "ಈ ತಾತ ಮಲಗಲೇ ಇಲ್ಲ" ಅಂತ ಹ್ಯಾಂಡೋವರ್ ಕೊಟ್ಟರೆ ನಾನು ಬೆಳಗ್ಗೆ ಮೊದಲು ಆ ಬೆಡ್ಡಿಗೇ ಹೋಗ್ತಿದ್ದೆ. ನಿದ್ದೆ ಮಾತ್ರೆ ಕೊಡಿಸಿ ಅಂತ ಕಡೆಯವರು ಕೇಳೋದೂ ಆಗಲೇ. ಕೊಟ್ಟರೆ ಮುಗೀತು, ಮಂಪರು ಇನ್ನೂ ಆಳಕ್ಕೆ ಹೋಗುತ್ತೆ. ಆಮೇಲೆ ಶರ್ಟಿನ ಗುಂಡಿ ತಪ್ಪಾಗಿ ಹಾಕ್ಕೊಳ್ತಾರೆ. ಸುಮ್ಮನಿದ್ದವರು ರೇಗ್ತಾರೆ. ಎರಡು ಕೈ ಮುಂದೆ ಚಾಚಿ, ಮಣಿಕಟ್ಟು ಮೇಲೆತ್ತಿ, ಬೆರಳು ಅಗಲಿಸಿ ಹಿಡೀರಿ ಅಂದರೆ ಅಂಗೈ ತಟಕ್ಕನೆ ಕೆಳಗೆ ಬಿದ್ದು ಮೇಲೇಳುತ್ತೆ. ಚಾರ್ಟಿನ ಮೂಲೆಯಲ್ಲಿ ದಿನಾ ಸಹಿ ಹಾಕಿಸ್ತಿದ್ದೆ. ಸೋಮವಾರದ ಸಹಿ, ಗುರುವಾರದ ಸಹಿ ಪಕ್ಕಪಕ್ಕ ಇಟ್ಟರೆ ಯಾವ ಸ್ಕ್ಯಾನೂ ಬೇಡ.

ಕಿರಿಯಳು: ಸಹಿ ಬಾರದವರಿಗೆ?

ಹಿರಿಯರು: ಅದೇ ನಮಗೆ ತೊಡಕಾಗ್ತಿತ್ತು.

ಕಿರಿಯಳು: ಈಗ ಒಂದು ಸುಲಭದ ದಾರಿ ಇದೆ ಮೇಡಂ. ಒಂದು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ಪ್ರಾಣಿಗಳ ಹೆಸರು ಹೇಳಿಸೋದು. ಕಾಗದ ಬೇಡ, ಪೆನ್ನು ಬೇಡ, ಅಕ್ಷರ ಬೇಡ. 15ಕ್ಕಿಂತ ಹೆಚ್ಚು ಹೇಳಿದರೆ ಸಮಾಧಾನ, ಹತ್ತೂ ದಾಟದಿದ್ದರೆ ಡಾಕ್ಟರನ್ನ ಕರೆಸೋದು. ಹಳ್ಳಿಯವರು ಇದರಲ್ಲಿ ನಮ್ಮನ್ನ ಮೀರಿಸ್ತಾರೆ, ಹಸು, ಎಮ್ಮೆ, ಕುರಿ, ಮೇಕೆ ಅಂತ ಸರಸರ ಹೋಗ್ತಾರೆ. ಹಾಗೆ ಹೇಳ್ತಿದ್ದವರು ಒಂದು ದಿನ ಹಸು, ಎಮ್ಮೆ, ಮತ್ತೆ ಹಸು ಅಂದರೆ ಗೊತ್ತಾಗಿಬಿಡುತ್ತೆ. ಇದನ್ನ ಮನೆಯಲ್ಲಿ ಮೊಮ್ಮಗಳೂ ಆಡಿಸಬಹುದು.

ಹಿರಿಯರು: ಮೊಮ್ಮಗಳು ಆಡಿಸಲಿ. ಆದರೆ ಮಂಪರು ಕಂಡ ಮೇಲೆ ಮುಂದಿನ ಪ್ರಶ್ನೆ ಯಾಕೆ ಬಂತು ಅನ್ನೋದು. ಮಲ ಹೋಗಿಲ್ಲವಾ? ಮಲ ಟಾರಿನ ಹಾಗೆ ಕಪ್ಪಗಿದೆಯಾ, ಒಳಗೆ ರಕ್ತ ಸೋರ್ತಿದೆಯಾ? ಹೊಟ್ಟೆಯ ನೀರಿಗೆ ಸೋಂಕು ತಗುಲಿದೆಯಾ? ಮೂತ್ರದ ಮಾತ್ರೆ ಹೆಚ್ಚಾಗಿ ಮೈ ಒಣಗಿದೆಯಾ? ಹೊಟ್ಟೆನೀರಿಗೆ ಸೋಂಕು ಆದಾಗ ಜ್ವರ ಇರಲೇಬೇಕು ಅಂತಿಲ್ಲ, ಹೊಟ್ಟೆನೋವೂ ಇರಲ್ಲ ಕೆಲವರಿಗೆ, ಬರೀ ಮಂಕು. ಇದನ್ನ ಮೊಮ್ಮಗಳು ನೋಡ್ತಾಳಾ? ಕಲಿತ ಕಣ್ಣಿಗೆ ಬದಲಿ ಇಲ್ಲ ಅಂತ ನಾನು ಹೇಳೋದು ಇದಕ್ಕೇ.

ಕಿರಿಯಳು: ಕಾರಣ ಹುಡುಕೋದು ನಮ್ಮ ಕೆಲಸ, ಒಪ್ಪಿದೆ. ಹೊತ್ತಿಗೆ ಸರಿಯಾಗಿ ಕರ್ಕೊಂಡು ಬರೋದು ಅವರ ಕೈಲಿದೆ. ನಿನ್ನೆ ಬಂದವರಿಗೆ ಮೂರು ದಿನದಿಂದ ರಾತ್ರಿ ನಿದ್ದೆ ಇರಲಿಲ್ಲವಂತೆ. ಮೊದಲನೇ ದಿನವೇ ಬಂದಿದ್ದರೆ ಸ್ಟ್ರೆಚರ್ ಬೇಕಾಗ್ತಿರಲಿಲ್ಲ.

ಹಿರಿಯರು ಇದಕ್ಕೆ ತಲೆದೂಗಿದರು. ಮುಂದೆ ಮಾತು ಊಟಕ್ಕೆ ಬಂತು. ಅಲ್ಲಿ ಇಬ್ಬರ ಕಾಲವೂ ಎದುರುಬದುರಾಯಿತು.

ಹಿರಿಯರು: ನಾವು ಕಲಿಯುವಾಗ ಮಂಪರಿನ ರೋಗಿಗೆ ಬೇಳೆ ಇಲ್ಲ, ಮೊಟ್ಟೆ ಇಲ್ಲ, ಹಾಲೂ ಅಷ್ಟಕ್ಕಷ್ಟೇ. ದಿನಕ್ಕೆ 20 ಗ್ರಾಂ ಪ್ರೋಟೀನು, ಕೆಲವರಿಗೆ ಅದೂ ಇಲ್ಲ. ಗ್ಲೂಕೋಸು, ಗಂಜಿ. ಪುಸ್ತಕವೇ ಹಾಗೆ ಹೇಳ್ತಿತ್ತು.

ಕಿರಿಯಳು: 2004ರಲ್ಲಿ ಬಾರ್ಸಿಲೋನಾದ ವೈದ್ಯರು ಎರಡು ಗುಂಪು ಮಾಡಿ ನೋಡಿದರು. ಮಂಪರಿನಲ್ಲಿದ್ದವರಿಗೆ ಪ್ರೋಟೀನು ಕಡಿಮೆ ಮಾಡಿದ್ದರಿಂದ ಏನೂ ಲಾಭ ಕಾಣಲಿಲ್ಲ, ಮೈಯ ಮಾಂಸ ಕರಗೋದು ಮಾತ್ರ ಹೆಚ್ಚಾಯ್ತು. ಮಾಂಸಖಂಡವೂ ಅಮೋನಿಯಾವನ್ನ ಇಂಗಿಸುತ್ತೆ. ಅದನ್ನ ಕರಗಿಸಿದರೆ ಮಂಪರಿಗೆ ಬಾಗಿಲು ತೆಗೆದ ಹಾಗೆ. ಈಗ ಹೇಳೋದು ಕೆ.ಜಿ.ಗೆ 1.2ರಿಂದ 1.5 ಗ್ರಾಂ. 60 ಕೆ.ಜಿ. ಇರೋರಿಗೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಇರೋದು ಆರು ಗ್ರಾಂ ಮೇಡಂ. ಹೆಸರುಬೇಳೆ, ಕಾಳು, ಮೊಸರು, ಹಾಲು, ಎಲ್ಲ ಸೇರಿಸಿದರೂ ಅಷ್ಟು ಮುಟ್ಟೋದು ಕಷ್ಟ. ಇನ್ನು ಮನೆಯಲ್ಲಿ ಪಥ್ಯ ಅಂತ ಅನ್ನ ಮಜ್ಜಿಗೆ ಬಿಟ್ಟು ಬೇರೇನೂ ಕೊಡದಿದ್ದರೆ?

ಹಿರಿಯರು: ಕಾಮಾಲೆ ಪಥ್ಯ ನಮ್ಮ ಜನರ ಮನಸ್ಸಿನಲ್ಲಿ ಬೇರೂರಿದೆ. ಎಣ್ಣೆ ಬೇಡ, ತುಪ್ಪ ಬೇಡ, ಬೇಳೆ ವಾಯು, ಮೊಟ್ಟೆ ಉಷ್ಣ. ಲಿವರ್ ಯಾವ ಕಾರಣಕ್ಕೆ ಕೆಟ್ಟರೂ ಅದೇ ಪಥ್ಯ.

ಕಿರಿಯಳು: ರಾತ್ರಿ ಏಳಕ್ಕೆ ಊಟ, ಬೆಳಗ್ಗೆ ಎಂಟಕ್ಕೆ ತಿಂಡಿ. ಸಿರೋಸಿಸ್ ಇರೋರಿಗೆ ಆ ಒಂದು ರಾತ್ರಿ ನಮ್ಮ ಎರಡು ಮೂರು ದಿನದ ಉಪವಾಸಕ್ಕೆ ಸಮ. ಲಿವರಿನಲ್ಲಿ ಸಕ್ಕರೆ ಕೂಡಿಡೋಕೆ ಜಾಗ ಇರಲ್ಲ, ದೇಹ ತನ್ನ ಮಾಂಸವನ್ನೇ ಉರಿಸುತ್ತೆ. ಅದಕ್ಕೇ ಮಲಗೋ ಮುಂಚೆ ಹಾಲು ಹಾಕಿದ ರಾಗಿಗಂಜಿ ಕುಡಿಸಿ ಅಂತ ಎಲ್ಲರಿಗೂ ಹೇಳ್ತೀನಿ. ಇದಕ್ಕೆ ಖರ್ಚಿಲ್ಲ, ಪಥ್ಯದವರ ವಿರೋಧವೂ ಇಲ್ಲ.

ಹಿರಿಯರು: ಅದು ಒಳ್ಳೇ ಮಾತು. ಉಪ್ಪಿನ ವಿಷಯಕ್ಕೆ ಬಾ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ದಿನಕ್ಕೆ ಒಂದು ಟೀ ಚಮಚ, ಐದು ಗ್ರಾಂ ಉಪ್ಪು, ಅಷ್ಟರೊಳಗೆ ಇಡೀ ದಿನದ ಅಡುಗೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಬೇಕರಿ ತಿಂಡಿ, ಎಲ್ಲ ಬಂದ್. ನಾನು ಇದರಲ್ಲಿ ಬಿಗಿ. ಸಾರು ಬೇರೆ ಪಾತ್ರೆಯಲ್ಲಿ ಮಾಡಿ ಅಂತಲೇ ಹೇಳ್ತಿದ್ದೆ.

ಕಿರಿಯಳು: ನಾನು ಅಷ್ಟು ಬಿಗಿ ಅಲ್ಲ. ಸಪ್ಪೆ ಊಟ ಎರಡು ತುತ್ತು ತಿಂದು ತಟ್ಟೆ ದೂಡ್ತಾರೆ. ನೀರು ಇಳಿಯಲಿ ಅಂತ ಹೊರಟು ಮನುಷ್ಯನೇ ಇಳಿದು ಹೋಗ್ತಾನೆ. ಹುಣಸೆ, ನಿಂಬೆ, ಕೊತ್ತಂಬರಿ, ಜೀರಿಗೆ ಹಾಕಿ ರುಚಿ ಮಾಡಿ, ಸ್ವಲ್ಪ ಉಪ್ಪು ಇರಲಿ, ಹೊಟ್ಟೆ ತುಂಬ ತಿನ್ನಲಿ. ತೂಕ ನೋಡಿಕೊಳ್ಳೋಣ.

ಹಿರಿಯರು: ಆಮೇಲೆ ನಾಲ್ಕು ದಿನಕ್ಕೆ ಉಸಿರು ಕಟ್ಟಿ ಬರ್ತಾರೆ, ಸೂಜಿ ಹಾಕಿ ಐದಾರು ಲೀಟರ್ ತೆಗೀಬೇಕು. ಅಷ್ಟು ತೆಗೆದರೆ ಲೀಟರಿಗೆ ಆರೆಂಟು ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ ಏರಿಸಬೇಕು, ಇಲ್ಲದಿದ್ದರೆ ಬಿ.ಪಿ. ಬಿದ್ದು ಕಿಡ್ನಿಗೆ ಏಟು. ಆಲ್ಬುಮಿನ್ ಬಾಟಲಿಗೆ ಎಷ್ಟು ದುಡ್ಡು ಗೊತ್ತಲ್ಲ?

ಕಿರಿಯಳು: ಗೊತ್ತು. ಅದಕ್ಕೇ ತೂಕ ಅಂದೆ. ದಿನಾ ಬೆಳಗ್ಗೆ, ಶೌಚಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ಅದೇ ತಕ್ಕಡಿ. ಕಾಲು ಊತ ಇಲ್ಲದವರಿಗೆ ದಿನಕ್ಕೆ ಅರ್ಧ ಕೆ.ಜಿ.ಗಿಂತ ಹೆಚ್ಚು ಇಳೀಬಾರದು, ಊತ ಇದ್ದರೆ ಒಂದು ಕೆ.ಜಿ. ಏರುತ್ತಾ ಹೋದರೆ ಉಪ್ಪು ಎಲ್ಲಿಂದಲೋ ಸೇರ್ತಿದೆ.

ಹಿರಿಯರು: ಬಡವರ ಮನೆಯಲ್ಲಿ ತಕ್ಕಡಿ ಎಲ್ಲಿ ತರ್ತೀಯ?

ಕಿರಿಯಳು: ಪಂಚೆ ಕಟ್ಟೋ ಜಾಗದಲ್ಲಿ ಒಂದು ದಾರ. ಹೊಕ್ಕಳ ಮೇಲೆ ಸುತ್ತಿ ಗಂಟು ಹಾಕಿ ಗುರುತು ಮಾಡೋದು. ತಕ್ಕಡಿಯಷ್ಟು ಕರಾರುವಾಕ್ ಅಲ್ಲ, ಏನೂ ಇಲ್ಲದ್ದಕ್ಕಿಂತ ವಾಸಿ.

ಹಿರಿಯರು: ಇನ್ನೊಂದು ಸೇರಿಸು. ನೋಡೋಕೆ ಬಂದೋರೆಲ್ಲ ಎಳನೀರು ತರ್ತಾರೆ, ತಂಪು ಅಂತ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯೂ ಪೊಟ್ಯಾಸಿಯಂ ಹಿಡಿದಿಡುತ್ತೆ. ಎರಡೂ ಸೇರಿ ಎದೆಬಡಿತದ ಲಯ ಕೆಡಿಸಬಹುದು. ಅಂಗಡಿಯಲ್ಲಿ ಸಿಗೋ ಕಡಿಮೆ ಸೋಡಿಯಂ ಉಪ್ಪೂ ಅಷ್ಟೇ, ಅದರಲ್ಲಿರೋದು ಪೊಟ್ಯಾಸಿಯಮ್ಮೇ.

ಉಪ್ಪಿನ ವಾದ ಅಲ್ಲಿಗೆ ನಿಂತಿತು, ಇಬ್ಬರೂ ಒಪ್ಪಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಊಟ ಸೇರದ ರೋಗಿಯ ಮುಂದೆ ಕಿರಿಯಳ ಮಾತು, ಉಸಿರು ಕಟ್ಟುತ್ತಿರುವ ರೋಗಿಯ ಮುಂದೆ ಹಿರಿಯರ ಮಾತು ಸರಿ. ಯಾರ ಮುಂದೆ ನಿಂತಿದ್ದೇವೆ ಎಂಬುದನ್ನು ತಿಳಿದು ಹೇಳಬೇಕಾದ ಮಾತು ಅದು. ಮುಂದಿನ ವಿಷಯದಲ್ಲಿ ಹಿರಿಯರು ಬಿಗಿಯಾಗಿರುತ್ತಾರೆ, ಕಿರಿಯಳು ಮೆದುವಾಗಿರುತ್ತಾಳೆ ಎಂದುಕೊಂಡಿದ್ದೆ. ಆದದ್ದು ಬೇರೆ.

ಕಿರಿಯಳು: ಒಂದು ಮಾತು ನಿಜ ಹೇಳ್ತೀನಿ ಮೇಡಂ. ಕುಡಿದು ಲಿವರ್ ಹಾಳು ಮಾಡಿಕೊಂಡು ಬರೋರನ್ನ ನೋಡಿದರೆ ನನಗೆ ಸಿಟ್ಟು ಬರುತ್ತೆ. ಹೆಂಡತಿ ಓಲೆ ಅಡ ಇಟ್ಟಿರ್ತಾಳೆ. ಮಕ್ಕಳು ಫೀಸ್ ಕಟ್ಟದೆ ಮನೆಯಲ್ಲಿ ಕೂತಿರ್ತಾರೆ. ಇವರು ಎದ್ದು ಕೂತ ತಕ್ಷಣ ಹೊರಗೆ ಹೋಗೋಕೆ ನೋಡ್ತಾರೆ.

ಹಿರಿಯರು: ಸಿಟ್ಟು ಬರಲಿ. ಮುಖದಲ್ಲಿ ಕಾಣಿಸಬೇಡ. ಯಾಕೆ ಅಂತ ಹೇಳ್ತೀನಿ ಕೇಳು, ಇದು ನೀತಿ ಪಾಠ ಅಲ್ಲ, ಡ್ಯೂಟಿ ಮಾತು. ಅಡ್ಮಿಟ್ ಆದ ಎರಡನೇ ದಿನ ಅವನ ಕೈ ನಡುಗುತ್ತೆ. ಅದು ಕುಡಿತ ನಿಂತದ್ದರ ನಡುಕವಾ, ಲಿವರಿನ ಮಂಪರಿನದಾ? ಕುಡಿತ ನಿಂತದ್ದಾದರೆ ಸಣ್ಣ ನಡುಕ, ಬೆವರು, ನಾಡಿ ಜೋರು, ಹೆದರಿಕೆ, ಗೋಡೆ ಮೇಲೆ ಏನೋ ಹರಿದಾಡೋದು ಕಾಣೋದು. ಮಂಪರಾದರೆ ನಿಧಾನ, ತೂಕಡಿಕೆ, ಅಂಗೈ ತಟತಟ ಬೀಳೋದು. ಮೊದಲನೆಯದರ ಶಮನಕ್ಕೆ ಲೋರಾಜೆಪಾಮ್ ಬೇಕು. ಎರಡನೆಯದಕ್ಕೆ ಅದನ್ನೇ ಕೊಟ್ಟರೆ ಮಂಪರು ಕೋಮಾಗೆ ಹೋಗುತ್ತೆ. ಎರಡೂ ಒಟ್ಟಿಗೇ ಇರೋರೂ ಉಂಟು. ಬಿಡಿಸಿ ನೋಡೋಕೆ ಡಾಕ್ಟರಿಗೆ ಬೇಕಾದ ಮೊದಲ ಸಂಗತಿ, ಕೊನೇ ಸಲ ಕುಡಿದದ್ದು ಯಾವಾಗ? ಆ ಪ್ರಶ್ನೆ ಕೇಳೋಳು ನೀನು. ಮುಖ ಗಂಟು ಹಾಕ್ಕೊಂಡು ಕೇಳಿದರೆ "ತಿಂಗಳಾಯ್ತು ಸಿಸ್ಟರ್" ಅಂತಾನೆ. ನಿಜ ಅಂದರೆ ನಿನ್ನೆ ಮಧ್ಯಾಹ್ನ. ಆ ಒಂದು ಸುಳ್ಳಿನಿಂದ ಚಿಕಿತ್ಸೆ ದಾರಿ ತಪ್ಪುತ್ತೆ.

ಕಿರಿಯಳು: ಅದು ನನಗೆ ಹೊಳೆದಿರಲಿಲ್ಲ.

ಹಿರಿಯರು: ಗ್ಲೂಕೋಸ್ ಹಾಕೋ ಮೊದಲು ಥಯಾಮಿನ್ ಇಂಜೆಕ್ಷನ್ ಬಿದ್ದಿದೆಯಾ ಅಂತ ನೋಡೋದೂ ಇದರ ಜೊತೆಗೇ ಸೇರಿದ್ದು. ಕುಡಿಯೋರಲ್ಲಿ ಆ ಬಿ1 ವಿಟಮಿನ್ ಬತ್ತಿರುತ್ತೆ.

ಕಿರಿಯಳು: ಒಪ್ಪಿದೆ. ಆದರೂ ಕೇಳ್ತೀನಿ. ಅವನಿಗೆ ತೋರಿಸೋ ಈ ತಾಳ್ಮೆಯಲ್ಲಿ ಅರ್ಧ ಅವಳಿಗೆ ಯಾರು ತೋರಿಸ್ತಾರೆ? ಆ ವಾರ್ಡಿನಲ್ಲಿ ಆಕೆಯ ಬಿ.ಪಿ.ಯನ್ನ ಯಾರೂ ನೋಡಲ್ಲ.

ಹಿರಿಯರು: ನಾನು ಮೊದಲು ಹೇಳಿದ್ದೂ ಅದನ್ನೇ ಅಲ್ಲವಾ? ಈಗ ನೀನು ನನ್ನ ಕಡೆಗೆ ಬಂದೆ.

ಕಿರಿಯಳು: ಪೂರ್ತಿ ಬಂದಿಲ್ಲ.

ನಾಟಿ ಔಷಧಿಯ ಪ್ರಸ್ತಾಪವೂ ಬಂತು. ಕಾಮಾಲೆಗೆ ಸೊಪ್ಪಿನ ರಸ ಕುಡಿಸುವುದು, ಕೆಲವು ಕಡೆ ಕೈಗೆ ಬರೆ ಹಾಕುವುದು ನಮ್ಮಲ್ಲಿ ಇನ್ನೂ ಇದೆ.

ಹಿರಿಯರು: ನೆಲನೆಲ್ಲಿಯನ್ನ ನೋಡಿ ನಗೋಹಾಗಿಲ್ಲ. ಹೆಪಟೈಟಿಸ್ ಬಿ ವೈರಸ್ ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದ ಬ್ಲೂಮ್‌ಬರ್ಗ್ ಅವರೇ ಮದರಾಸಿನ ವಿಜ್ಞಾನಿಗಳ ಜೊತೆ ಸೇರಿ ಅದರ ಮೇಲೆ ಪ್ರಯೋಗ ಮಾಡಿದ್ದರು. 1988ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು.

ಕಿರಿಯಳು: ಆಮೇಲೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ ಮೇಡಂ. ಹೆಪಟೈಟಿಸ್ ಎ ಬಹುಪಾಲು ತಾನಾಗೇ ವಾಸಿಯಾಗುತ್ತೆ, ಹೆಸರು ಔಷಧಿ ಕೊಟ್ಟವರಿಗೆ ಹೋಗುತ್ತೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದವರಲ್ಲಿ ಲಿವರ್ ಊತ ಕಂಡಿದ್ದನ್ನ ಮುಂಬೈ ವೈದ್ಯರು ಬರೆದರು. ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ. ಆ ಜಗಳ ದೊಡ್ಡವರದು. ನನಗೆ ಬೇಕಾಗಿರೋದು ಈ ರೋಗಿ ಏನು ಕುಡಿದಿದ್ದಾನೆ ಅನ್ನೋದು.

ಹಿರಿಯರು: ಬೈದರೆ ಹೇಳಲ್ಲ. "ಊರಲ್ಲಿ ಯಾರ ಹತ್ರ ತೋರಿಸಿದ್ರಿ? ಏನು ಕೊಟ್ಟರು? ಎಷ್ಟು ದಿನ?" ಅಂತ ಮಾಮೂಲಿ ಪ್ರಶ್ನೆ ಹಾಗೆ ಕೇಳು. ನೋವಿನ ಮಾತ್ರೆಯ ಬಗ್ಗೆಯೂ ಹಾಗೇ. ಸೊಂಟನೋವಿಗೆ ಅಂಗಡಿಯಲ್ಲಿ ಕೊಂಡ ಡೈಕ್ಲೋಫಿನಾಕ್ ಮಾತ್ರೆಯನ್ನ ಯಾರೂ ಔಷಧಿ ಅಂತ ಲೆಕ್ಕಕ್ಕೆ ಹಿಡಿಯಲ್ಲ. ಕಿಡ್ನಿ ಕೆಡೋಕೆ, ಅನ್ನನಾಳದಲ್ಲಿ ಊದಿದ ರಕ್ತನಾಳ ಇದ್ದರೆ ರಕ್ತ ವಾಂತಿಯಾಗೋಕೆ ಅದೇ ಸಾಕು.

ಕಿರಿಯಳು: ಇವೆಲ್ಲ ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ನಂಬಿಕೆ ಬಂದ ಮೇಲೆ ಹೊರಗೆ ಬರೋ ಮಾತು. ಇನ್ನೂ ಒಂದು ಇದೆ. ಮೈ ಕೆರೆತ. ಪಿತ್ತ ಚರ್ಮಕ್ಕೆ ಇಳಿದು ರಾತ್ರಿಯೆಲ್ಲ ಕೆರೀತಾರೆ, ರೌಂಡ್ಸ್‌ನಲ್ಲಿ ಯಾರೂ ಕೇಳಲ್ಲ. ಉಗುರು ಕತ್ತರಿಸಿ, ಬೆಚ್ಚಗಿನ ನೀರಲ್ಲಿ ಮೈ ಒರೆಸಿ, ಹಳೇ ಕಾಟನ್ ಬಟ್ಟೆ ಹಾಕಿಸಿ, ಎಣ್ಣೆ ಸವರಿದರೆ ಅವರು ಮಲಗ್ತಾರೆ. ಇದನ್ನ ಮಾಡಿ ಬಂದ ದಿನ ನನಗೂ ಕೆಲಸ ಮಾಡಿದ ಹಾಗೆ ಅನ್ನಿಸುತ್ತೆ.

ಹಿರಿಯರು: ಅದನ್ನ ನೀನೇ ಮಾಡು. ಹೆಂಡತಿಗೆ ಕಲಿಸ್ತೀನಿ ಅಂತ ಬಿಡಬೇಡ. ನಿನ್ನ ಕೈ ಮೈಮೇಲೆ ಆಡಿದಾಗಲೇ ಬೆನ್ನಲ್ಲಿ ಹುಣ್ಣು ಶುರುವಾದದ್ದು, ಕಾಲಿನ ಊತ ತೊಡೆಗೆ ಏರಿದ್ದು, ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಕಂದಿದ್ದು ಗೊತ್ತಾಗೋದು. ಮೈ ಒರೆಸೋದನ್ನ ಅಟೆಂಡರಿಗೆ ಬಿಟ್ಟ ದಿನ ನರ್ಸು ಅರ್ಧ ಕುರುಡಿ ಆಗ್ತಾಳೆ.

ಕಿರಿಯಳು: ಎಲ್ಲರಿಗೂ ಮಾಡೋಕೆ ಕೈ ಸಾಲಲ್ಲ ಮೇಡಂ. ರಾತ್ರಿ ಇಡೀ ವಾರ್ಡಿಗೆ ಇಬ್ಬರು.

ಹಿರಿಯರು: ಕೈ ಸಾಲಲ್ಲ ಅಂತ ಬರೆದು ಕೊಡಿ. ಪ್ರತಿ ವರ್ಷ ಬರೆದು ಕೊಡಿ. ಸಾಲದ ಕೈಗಳ ಬದಲಿಗೆ ಹೆಂಡತಿಯರು ಇದ್ದಾರೆ ಅಂತ ಸರ್ಕಾರ ತಿಳ್ಕೊಂಡರೆ ಹೊಸ ಹುದ್ದೆ ಯಾವತ್ತೂ ಬರಲ್ಲ.

ಕಿರಿಯಳು: ಬರೀತೀವಿ. ಅದು ಬರೋವರೆಗೆ?

ಹಿರಿಯರು: ನಿನ್ನೆ ಬಂದವರ ವಿಷಯ ಹೇಳು. ಎಚ್ಚರ ಆಗಿದ್ದಾರಾ?

ಕಿರಿಯಳು: ಎನಿಮಾ, ಟ್ಯೂಬಲ್ಲಿ ಸಿರಪ್ ಎಲ್ಲ ಆಯ್ತು. ಮಧ್ಯಾಹ್ನ ಕಣ್ಣು ಬಿಟ್ಟು ಹೆಂಡತಿ ಹೆಸರು ಹೇಳಿದರು. ಹೀಗೇ ಸುಧಾರಿಸಿದರೆ ಸೋಮವಾರ ಕಳಿಸೋಣ ಅಂದಿದ್ದಾರೆ ಡಾಕ್ಟರು.

ಹಿರಿಯರು: ಆಕೆ ಏನು ಕೆಲಸ ಮಾಡ್ತಾರೆ?

ಕಿರಿಯಳು: ಗಾರ್ಮೆಂಟ್ಸ್. ಬೆಳಗ್ಗೆ ಎಂಟಕ್ಕೆ ಹೋದರೆ ಬರೋದು ಸಂಜೆ ಏಳಕ್ಕೆ. ಇನ್ನೂ ರಜೆ ಹಾಕಿದರೆ ಕೆಲಸ ಹೋಗುತ್ತೆ.

ಹಿರಿಯರು: ಹಾಗಾದರೆ ಮಧ್ಯಾಹ್ನದ ಡೋಸ್ ಯಾರು ಕೊಡ್ತಾರೆ? ಶೌಚಕ್ಕೆ ಎಷ್ಟು ಸಲ ಹೋದರು ಅಂತ ಯಾರು ನೋಡ್ತಾರೆ? ನಿನ್ನ ಚಾರ್ಟು ಆಕೆಗೆ ಕಂಠಪಾಠ ಆದರೂ ಪ್ರಯೋಜನ ಏನು?

ಕಿರಿಯಳು: ಮಗ ಇದ್ದಾನೆ, ಪಿಯುಸಿ. ಆಸ್ಪತ್ರೆ ಕಡೆ ಬಂದಿಲ್ಲ, ಅಪ್ಪನ ಮೇಲೆ ಸಿಟ್ಟು.

ಹಿರಿಯರು: ಭಾನುವಾರ ಕರೆಸು. ಅಪ್ಪನ ಸೇವೆ ಮಾಡು ಅಂತ ಹೇಳಬೇಡ, ಅಮ್ಮನ ಕೆಲಸ ಉಳಿಸು ಅಂತ ಹೇಳು. ಬರದಿದ್ದರೆ ಸೋಮವಾರ ಕಳಿಸೋದು ಬೇಡ ಅಂತ ಡಾಕ್ಟರಿಗೆ ನೀನೇ ಹೇಳಬೇಕು.

ಕಿರಿಯಳು: ಹಾಸಿಗೆ ಬೇಕು ಅಂತಾರೆ. ಕ್ಯಾಶುಯಾಲ್ಟಿಯಲ್ಲಿ ರಕ್ತ ವಾಂತಿ ಆದವರನ್ನ ಟ್ರಾಲಿ ಮೇಲೆ ಮಲಗಿಸಿರ್ತಾರೆ.

ಹಿರಿಯರು: ಅವರು ಹೇಳೋದೂ ಸುಳ್ಳಲ್ಲ.

ಕಿರಿಯಳು: ಡೋಸಿನ ಹೊತ್ತು ಬದಲಿಸೋಕಾಗುತ್ತಾ ಅಂತ ಕೇಳ್ತೀನಿ. ಬೆಳಗ್ಗೆ ಆಕೆ ಹೊರಡೋ ಮುಂಚೆ ಒಂದು, ಸಂಜೆ ಬಂದ ಮೇಲೆ ಒಂದು, ಮಲಗುವಾಗ ಗಂಜಿ ಜೊತೆ ಒಂದು. ಆಗ ಮಧ್ಯಾಹ್ನದ ಪ್ರಶ್ನೆ ಇರಲ್ಲ.

ಹಿರಿಯರು: ಕೇಳು. ಆದರೂ ಮಗನನ್ನ ಕರೆಸು. ಹಗಲು ಹನ್ನೊಂದು ಗಂಟೆ ಹೊತ್ತು ಆ ಮನುಷ್ಯ ಮನೆಯಲ್ಲಿ ಒಬ್ಬನೇ ಇರ್ತಾನೆ.